ಕ್ಲಾವಾ ಅತ್ತೆಯ ಮೂರನೆಯ ಮೇಜು

ಹಂದಿ ಗೊತ್ತುಮಾಡಿ ಆಗಿತ್ತು. ತಾಷ್ಕೆಂಟಿನಿಂದ ಹಾಡುವವರು ಬರುತ್ತೇವೆ ಅಂದಿದ್ದರು. ನೂರೈವತ್ತು ಜನಕ್ಕೆ ಹೇಳಿಕಳಿಸಿದ್ದೂ ಆಗಿತ್ತು. ಇನ್ನು ಹತ್ತೇ ದಿನ ಉಳಿದಿರುವಾಗ ನನ್ನಪ್ಪನ ತಂಗಿ ಕ್ಲಾವಾ ಅತ್ತೆ, ಮಾರುಕಟ್ಟೆಯಲ್ಲಿ ಮಾರುವ ಸಲಾಡಿಗೆಂದು ಕ್ಯಾರೆಟ್ ಹೆಚ್ಚುತ್ತಿದ್ದ ನನ್ನ ಮುಂದೆ ಬಂದು ಸ್ಟೂಲಿನ ಮೇಲೆ ಕುಕ್ಕರಿಸಿ, "ರಿಮ್ಮಾ, ನಾನು ಮೇಜಿಗೆ ಕೂರಲ್ಲ ಕಣೇ" ಅಂದುಬಿಟ್ಟಳು.

ನನಗೆ ಮೈಯೆಲ್ಲ ಉರಿದುಹೋಯಿತು. "ಏನತ್ತೆ ತಮಾಷೆನಾ? ನಿನ್ನ ಮಗ ವೆನ್ಯಾ ಒಂದು ತಿಂಗಳಿಂದ ಊರೂರು ಓಡಾಡ್ತಿದಾನೆ. ಈಗ ಕೂರಲ್ಲ ಅಂದ್ರೆ ಜನ ಅವನ ಮುಖಕ್ಕೆ ಉಗಿಯಲ್ವಾ?"

"ಉಗೀಲಿ. ಅವನು ಬದುಕಿದ್ರೆ ಸಾಕು ನಂಗೆ."

ನಮ್ಮವರಿಗೆ, ಅಂದರೆ ಈ ಕಡೆಯ ಕೊರಿಯನ್ನರಿಗೆ, ಬದುಕಿನಲ್ಲಿ ಮೂರು ಮೇಜು, ಮೂರು ಔತಣ. ಒಂದು ವರ್ಷ ತುಂಬಿದಾಗ ಒಂದು, ಮದುವೆಗೆ ಒಂದು, ಅರವತ್ತು ತುಂಬಿದಾಗ ಒಂದು. ಮೊದಲೆರಡನ್ನು ಹೆತ್ತವರು ಹಾಕುತ್ತಾರೆ, ಮೂರನೆಯದನ್ನು ಮಕ್ಕಳು. ಮೊದಲ ಮೇಜಿನ ಮೇಲೆ ಇಟ್ಟ ಸಾಮಾನಿನಲ್ಲಿ ಮಗು ಯಾವುದನ್ನು ಹಿಡಿಯುತ್ತದೋ ಅದರಂತೆ ಅದರ ಮುಂದಿನ ಬಾಳು. ಮೊದಲನೆಯದು ತಪ್ಪಿದವರು ಉಳಿದೆರಡಕ್ಕೂ ಕೂರುವ ಹಾಗಿಲ್ಲ, ಕೂತರೆ ತನ್ನವರಿಗೇ ಕೇಡು. ಇದನ್ನು ಯಾರು ಹೇಳಿದರು, ಎಲ್ಲಿ ಬರೆದಿದೆ, ಒಂದೂ ಗೊತ್ತಿಲ್ಲ. ನಾವು ಊರು ಬಿಟ್ಟೆವು, ಮಾತು ಬಿಟ್ಟೆವು, ಹೆಸರುಗಳನ್ನು ರಷ್ಯನ್ ಮಾಡಿಕೊಂಡೆವು. ಮೇಜು ಮಾತ್ರ ಬಿಡಲಿಲ್ಲ. ಪಾರ್ಟಿ ಕಾರ್ಯದರ್ಶಿಗಳು ಕೂಡ ಮಗುವಿಗೆ ವರ್ಷ ತುಂಬಿದಾಗ ಪರದೆ ಎಳೆದುಕೊಂಡು ಮೇಜು ಹಾಕುತ್ತಿದ್ದರು.

ಅತ್ತೆ ಹುಟ್ಟಿದ್ದು ಮೂವತ್ತಾರನೇ ಇಸವಿಯ ಅಕ್ಟೋಬರಿನಲ್ಲಿ, ಸಮುದ್ರದ ಕಡೆಯ ಹಳೇ ಊರಿನಲ್ಲಿ. ಅವಳಿಗೆ ಒಂದು ವರ್ಷ ತುಂಬುವ ಹೊತ್ತಿಗೆ ನಮ್ಮವರನ್ನೆಲ್ಲ ಸೋವಿಯತ್ ಸರ್ಕಾರದವರು ಗೂಡ್ಸ್ ರೈಲಿಗೆ ತುಂಬಿಸಿ ಈ ಉಜ್ಬೆಕ್ ನೆಲಕ್ಕೆ ಕಳಿಸಿದ್ದರು. ಆ ದಿನ ಬಂದದ್ದು ರೈಲಿನಲ್ಲಿ. ಮೇಜು ಹಾಕಿದರೋ ಇಲ್ಲವೋ? ಅರವತ್ತು ವರ್ಷ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ಯಾಕೆಂದರೆ ಮದುವೆಯ ಮೇಜನ್ನು ನನ್ನಜ್ಜಿ, ಅಂದರೆ ಅತ್ತೆಯ ತಾಯಿ, ತಾನೇ ನಿಂತು ಹಾಕಿಸಿದ್ದಳು. ಮೊದಲನೆಯದು ಆಗಿರದಿದ್ದರೆ ಎರಡನೆಯದನ್ನು ಹಾಕುತ್ತಿದ್ದಳೇ ಅಂತ ಎಲ್ಲರೂ ಸುಮ್ಮನಿದ್ದರು.

"ಅಮ್ಮ ಸಾಯೋ ಹಿಂದಿನ ದಿನ ಹೇಳಿದ್ಲು ರಿಮ್ಮಾ. ನಾನು ಯಾರಿಗೂ ಹೇಳಿಲ್ಲ." ಅತ್ತೆ ನನ್ನ ಕ್ಯಾರೆಟ್ ಎಳೆಗಳನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು. "'ಅರವತ್ತಾದಾಗ ಮೇಜಿಗೆ ಕೂರಬೇಡ' ಅಂದ್ಲು. ಯಾಕಮ್ಮ ಅಂದೆ. ಗೋಡೆ ಕಡೆ ತಿರುಗಿ ಮಲಗಿಬಿಟ್ಲು. ಮಾರನೇ ದಿನ ಹೋದ್ಲು."

"ಅದಕ್ಕೆ?"

"ಅದಕ್ಕೆ ಏನು ಅದಕ್ಕೆ? ನನಗೆ ಮೊದಲನೇ ಮೇಜು ಆಗಿಲ್ಲ. ಆಗದೇನೇ ಮದುವೆ ಮೇಜಿಗೆ ಕೂತೆ. ಮೂರು ವರ್ಷ ತುಂಬೋದ್ರೊಳಗೆ ನಿಮ್ಮ ಮಾವ ಟ್ರ್ಯಾಕ್ಟರಿನಡಿ ಹೋದ. ನಾನೇ ಕೊಂದೆ ಅವನನ್ನ. ಈಗ ಮೂರನೇದಕ್ಕೂ ಕೂತು ವೆನ್ಯಾನನ್ನೂ ತಿಂದ್ಕೊಳ್ಲಾ?"

ಅಜ್ಜಿ ಹೋದಾಗಿನಿಂದ ಹದಿನೇಳು ವರ್ಷ ಇದನ್ನು ಒಳಗಿಟ್ಟುಕೊಂಡು ಬದುಕಿದ್ದಳಲ್ಲ ಈ ಹೆಂಗಸು! ನನಗೆ ಬೈಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯಲಿಲ್ಲ. ಎರಡನ್ನೂ ಅರ್ಧರ್ಧ ಮಾಡಿದೆ.

ನಮ್ಮತ್ತೆ ಕ್ಲಾವ್ದಿಯಾ ಖೆಗಾಯ್ ಅಂದರೆ ಚಿರ್ಚಿಕ್ ನದಿದಂಡೆಯ ನಮ್ಮ ಊರಿನಲ್ಲಿ ಹೆದರದವರಿಲ್ಲ. ಮೂವತ್ತಮೂರು ವರ್ಷ ಶಾಲೆಯಲ್ಲಿ ರಷ್ಯನ್ ಕಲಿಸಿದವಳು. ತರಗತಿಯಲ್ಲಿ ಯಾರಾದರೂ ಮನೆಮಾತು ಆಡಿದರೆ ಮೂಲೆಯಲ್ಲಿ ನಿಲ್ಲಿಸುತ್ತಿದ್ದಳು. ಸುಳ್ಳು ಹೇಳಿದವರನ್ನಂತೂ ಬಾಗಿಲ ಹೊರಗೆ. ನಾನು ಎರಡು ಕಡೆಯೂ ನಿಂತಿದ್ದೇನೆ, ಸ್ವಂತ ಅಣ್ಣನ ಮಗಳು ಅಂತ ಯಾವ ರಿಯಾಯಿತಿಯೂ ಇರಲಿಲ್ಲ. ಮನೆಯಲ್ಲಿ ಅಜ್ಜಿ ನಮ್ಮ ಮಾತಿನಲ್ಲಿ ಕೇಳುವುದು, ಅತ್ತೆ ರಷ್ಯನ್ನಿನಲ್ಲಿ ಉತ್ತರಿಸುವುದು. ಹೀಗೆ ಅವರಿಬ್ಬರೂ ನಲವತ್ತು ವರ್ಷ ಜಗಳವಾಡಿದರು, ಒಂದು ದಿನವೂ ಒಂದೇ ಭಾಷೆಯಲ್ಲಿ ಜಗಳವಾಡಲಿಲ್ಲ. ನಮ್ಮ ಮಾತು ಅತ್ತೆಗೆ ಕೇಳಿದರೆ ಮುಕ್ಕಾಲು ಪಾಲು ತಿಳಿಯುತ್ತಿತ್ತು, ಬಾಯಿ ತೆರೆದರೆ ಮಾತ್ರ ಮೂರು ವರ್ಷದ ಮಗು. ನನ್ನದು ಅದಕ್ಕಿಂತ ಕಡೆ. ಉಪ್ಪು ಕೇಳಲು, ಕೋಳಿ ಓಡಿಸಲು, ಬೈಯಲು ಎಷ್ಟು ಬೇಕೋ ಅಷ್ಟು.

ಈಗಿನ ಕಾಲವೋ ಇನ್ನೂ ಗೋಜಲು. ಸೋವಿಯತ್ ದೇಶ ಹೋಗಿ ಐದು ವರ್ಷ. ರಷ್ಯನ್ ಸಾಲದು, ಉಜ್ಬೆಕ್ ಕಲಿಯಿರಿ ಅನ್ನುತ್ತಾರೆ. ಉಜ್ಬೆಕ್ ಕಲಿಯೋಣವೆಂದರೆ ಅದರ ಅಕ್ಷರವನ್ನೇ ಬದಲಾಯಿಸುತ್ತಿದ್ದಾರೆ. ಇದೇ ಸಮಯಕ್ಕೆ ಸಿಯೋಲ್‌ನಿಂದ ಮೇಷ್ಟರುಗಳು ಬಂದು ಬಣ್ಣದ ಪುಸ್ತಕ ಹಂಚಿ, ನೀವು ಆಡುತ್ತಿರುವುದು ಕೊರಿಯನ್ ಅಲ್ಲ, ನಾವು ಕಲಿಸುತ್ತೇವೆ ಬನ್ನಿ ಅನ್ನುತ್ತಾರೆ. ಮತ್ತೆ ಇಷ್ಟು ದಿನ ನಮ್ಮಜ್ಜಿ ಏನು ಆಡುತ್ತಿದ್ದಳು, ಚೀನಾ ಭಾಷೆಯೇ?

ಆ ಅಕ್ಟೋಬರಿನಲ್ಲಿ ಅತ್ತೆಯ ಮನೆಯಲ್ಲಿ ಅಂಥವರೇ ಒಬ್ಬರು ಉಳಿದುಕೊಂಡಿದ್ದರು. ಮೇಂಗ್ ಮೇಡಂ, ಸಿಯೋಲ್‌ನ ವಿದ್ವಾಂಸೆ, ಐವತ್ತರ ಹತ್ತಿರದವರು. ಕೊರಿಯನ್ ಭಾಷೆಯ ಬೇರೆಬೇರೆ ಆಡುಮಾತುಗಳನ್ನು ಊರೂರು ತಿರುಗಿ ಟೇಪಿನಲ್ಲಿ ಹಿಡಿಯುವುದು ಅವರ ಕೆಲಸ. ಪುಸ್ತಕದ ರಷ್ಯನ್ ಆಡುತ್ತಿದ್ದರು. ಎರಡು ದಿನ ಅತ್ತೆಯ ಮಾತನ್ನು ಟೇಪ್ ಮಾಡಿ, ಮೂರನೇ ದಿನ ಬಹಳ ಮರ್ಯಾದೆಯಿಂದ, "ಕ್ಷಮಿಸಬೇಕು, ತಾವು ಕೊರಿಯನ್ ಶಬ್ದಗಳಲ್ಲಿ ರಷ್ಯನ್ ಮಾತನಾಡುತ್ತಿದ್ದೀರಿ" ಅಂದಿದ್ದರು. ಅತ್ತೆ ಆ ದಿನ ಊಟ ಮಾಡಿರಲಿಲ್ಲ.

ಒಂದು ದಿನ ನಾನೇ ಕೇಳಿದೆ, "ಅಲ್ಲ ಮೇಡಂ, ನಮ್ಮ ಮಾತು ಯಾಕೆ ಹೀಗಾಯ್ತು?"

"ತಮ್ಮ ಪೂರ್ವಜರು ತುಮನ್ ನದಿಯನ್ನು ದಾಟಿ ರಷ್ಯಾಕ್ಕೆ ಬಂದ ಉತ್ತರದವರು. ಅದಕ್ಕೂ ನಾನೂರು ವರ್ಷ ಹಿಂದಕ್ಕೆ ಹೋದರೆ, ರಾಜನೊಬ್ಬ ಆ ಗಡಿಯಲ್ಲಿ ಆರು ಕೋಟೆಗಳನ್ನು ಕಟ್ಟಿಸಿ, ದಕ್ಷಿಣದಿಂದ ಜನರನ್ನು ಒಯ್ದು ನೆಲೆಗೊಳಿಸಿದ್ದ. ದಕ್ಷಿಣದಲ್ಲಿ ಅಳಿದುಹೋದ ಹಳೆಯ ಉಚ್ಚಾರಣೆಗಳು ಅಲ್ಲಿ ಉಳಿದುಕೊಂಡವು."

"ಹಂಗಾದ್ರೆ ನಾವು ಉತ್ತರದವ್ರೋ ದಕ್ಷಿಣದವ್ರೋ?"

"ಎರಡೂ ಹೌದು."

"ಅದಕ್ಕೂ ಮೊದ್ಲು?"

"ಅದು ಯಾರಿಗೂ ತಿಳಿಯದು. ಆಲ್ಟಾಯ್ ಪರ್ವತಗಳ ಕಡೆಯ ಭಾಷೆಗಳಿಗೆ ನೆಂಟಸ್ತಿಕೆ ಇದೆಯೆಂದು ಕೆಲವರು ವಾದಿಸುತ್ತಾರೆ. ಈ ಭಾಷೆಗೆ ನೆಂಟರೇ ಇಲ್ಲವೆಂದು ಇನ್ನು ಕೆಲವರು."

ನನ್ನ ತಲೆ ಕೆಟ್ಟುಹೋಯಿತು. ಆಲ್ಟಾಯ್ ಅಂದರೆ ಇಲ್ಲೇ ಮೇಲೆ, ಎರಡು ಮೂರು ದಿನದ ರೈಲುಪ್ರಯಾಣ. ಹಾಗಾದರೆ ನಮ್ಮನ್ನು ಗೂಡ್ಸ್ ಡಬ್ಬಿಯಲ್ಲಿ ತುಂಬಿ ತವರುಮನೆಗೇ ತಂದು ಬಿಟ್ಟರೇನು? ಕೇಳಿದೆ. ಮೇಡಂ ನಗಲಿಲ್ಲ, ಪುಸ್ತಕದಲ್ಲಿ ಏನೋ ಬರೆದುಕೊಂಡರು.

ಇರಲಿ, ಮೇಜಿನ ವಿಷಯಕ್ಕೆ ಬರುತ್ತೇನೆ. ದೊಡ್ಡವರಾಗಿ ಆ ರೈಲಿನಲ್ಲಿ ಬಂದವರ ಪೈಕಿ ಊರಿನಲ್ಲಿ ಉಳಿದಿದ್ದವರು ಯುಗಾಯ್ ತಾತ ಮತ್ತು ಅವನ ಹೆಂಡತಿ ಮಾತ್ರ. ನನ್ನಪ್ಪ ಆಗ ನಾಲ್ಕು ವರ್ಷದವನು, ಅವನೂ ಈಗಿಲ್ಲ. ಅತ್ತೆ ಕೂರಲ್ಲ ಅಂದ ಅದೇ ಸಂಜೆ ಅವಳನ್ನು ಎಳೆದುಕೊಂಡು ಯುಗಾಯ್ ತಾತನ ಮನೆಗೆ ಹೋದೆ. ಮುದುಕ ಮುದುಕಿ ಇಬ್ಬರೂ ಜಗಲಿಯಲ್ಲಿ ಸೋಯಾ ಬೀನ್ಸ್ ಆರಿಸುತ್ತ ಕೂತಿದ್ದರು.

"ಮೇಜೂ ಇಲ್ಲ, ಗೀಜೂ ಇಲ್ಲ" ಅಂದ ತಾತ, ಕೇಳಿ ಮುಗಿಸುವ ಮೊದಲೇ. "ಕುಡಿಯೋಕೆ ನೀರಿಲ್ದೆ ಸಾಯ್ತಿರೋವಾಗ ಮೇಜಂತೆ ಮೇಜು!"

"ಥೂ, ನಿನ್ನ ನೆನಪಿಗೆ ಬೆಂಕಿ ಬೀಳ" ಅಂದಳು ಹೆಂಡತಿ. "ಹಾಕಿದ್ರು ಕಣಮ್ಮ ಕ್ಲಾವಾ. ಪೆಟ್ಟಿಗೆ ಮೇಲೆ ಬಿಳಿ ಬಟ್ಟೆ ಹಾಸಿ. ನಾವು ಪಕ್ಕದ ಡಬ್ಬಿಯವ್ರು, ರೈಲು ನಿಂತಾಗ ನಮಗೂ ಒಂದೊಂದು ಚೂರು ಅಂಟಕ್ಕಿ ಕಡುಬು ತಂದುಕೊಟ್ರು. ಈ ಮುದುಕ ಎರಡು ಚೂರು ತಿಂದ."

"ತಿಂದೆ. ಅದು ಮೇಜಲ್ಲ ಅಂದೆ ಅಷ್ಟೇ. ಮಧ್ಯಾಹ್ನದ ಮೇಲೆ ಹಾಕಿದ್ದು ಮೇಜಾಗುತ್ತಾ?"

ಮಗುವಿನ ಮೇಜು ಹನ್ನೆರಡು ಗಂಟೆಯೊಳಗೆ ಆಗಬೇಕು, ಅದು ಎಲ್ಲರಿಗೂ ಗೊತ್ತು. ಅತ್ತೆಯ ಮುಖ ಬಿಳುಚಿಕೊಂಡಿತು.

"ನನ್ನ ಗಡಿಯಾರ ಒಂದು ಗಂಟೆ ತೋರಿಸ್ತಿತ್ತು. ಕಣ್ಣಾರೆ ನೋಡಿದೀನಿ" ಅಂದ ತಾತ.

"ಅಯ್ಯೋ ನಿನ್ನ! ಅದು ವ್ಲಾಡಿವೊಸ್ಟೋಕ್ ಗಂಟೆ! ಅಲ್ಲಿಂದ ಹೊರಟಮೇಲೆ ಒಂದ್ಸಲ ಆದ್ರೂ ಮುಳ್ಳು ತಿರುಗಿಸಿದ್ಯಾ? ಹೊರಗೆ ಆಗ ತಾನೇ ಇಬ್ಬನಿ ಆರ್ತಿತ್ತು. ಹತ್ತೂ ಆಗಿರಲಿಲ್ಲ."

"ಗಡಿಯಾರ ಅಂದ್ರೆ ಗಡಿಯಾರ."

"ಸೂರ್ಯ ಅಂದ್ರೆ ಸೂರ್ಯ!"

ಇಬ್ಬರೂ ಬೀನ್ಸ್ ಬಿಟ್ಟು ಎದ್ದುನಿಂತರು. ರೈಲು ಪಡುವಲಿಗೆ ಓಡುತ್ತಿತ್ತು, ಗಡಿಯಾರ ಮೂಡಲಲ್ಲೇ ನಿಂತಿತ್ತು. ಆ ಡಬ್ಬಿಯಲ್ಲಿ ಹನ್ನೆರಡು ಗಂಟೆ ಯಾವಾಗ ಹೊಡೆಯಿತು ಅಂತ ಈಗ ಯಾರನ್ನು ಕೇಳುವುದು? ಅತ್ತೆ ಕಣ್ಣು ಕಣ್ಣು ಬಿಡುತ್ತ, "ತಾತ, ಒಂದು ಮಾತು ಹೇಳು. ಮೇಜು ಆಯ್ತೋ ಇಲ್ವೋ?" ಅಂದಳು.

ತಾತ ತಲೆ ಕೆರೆದುಕೊಂಡ. "ಆಯ್ತು. ಆಗಲೂ ಇಲ್ಲ."

ಮುದುಕಿ ಅವನನ್ನು ಆಚೆ ತಳ್ಳಿ ಹೇಳಿದಳು, "ಓಕ್‌ದಾನ್‌ನ ಕೇಳಿ. ಅವಳು ನಿನ್ನಮ್ಮನ ಡಬ್ಬಿಯಲ್ಲೇ ಇದ್ದವಳು. ಕಡುಬು ಬೇಯಿಸಿದ್ದೇ ಅವಳು. ಸಿರ್‌ದರ್ಯಾ ನದಿ ಕಡೆ ಭತ್ತದ ಊರಲ್ಲಿ ಇನ್ನೂ ಇದಾಳಂತೆ, ಉಸಿರಾಡ್ಕೊಂಡು."

ಓಕ್‌ದಾನ್ ಎಂಬ ಹೆಸರನ್ನು ಅಜ್ಜಿಯ ಬಾಯಲ್ಲಿ ನಾನು ಒಂದೆರಡು ಸಲ ಕೇಳಿದ್ದೆ. ಬಸ್ಸಿನಲ್ಲಿ ಹೋದರೆ ಎರಡು ಗಂಟೆಯ ದಾರಿ. ನನ್ನಜ್ಜಿ ಬದುಕಿದ್ದಷ್ಟು ದಿನ ಆ ಕಡೆ ಒಮ್ಮೆಯೂ ಹೋಗಿರಲಿಲ್ಲ, ಯಾಕೆ ಅಂತ ನಮಗೂ ಹೊಳೆದಿರಲಿಲ್ಲ.

ಮರುದಿನ ಹೊರಟೆವು. ಮೇಂಗ್ ಮೇಡಂ ಕೂಡ ಟೇಪ್ ರೆಕಾರ್ಡರ್ ಎತ್ತಿಕೊಂಡು ಬಂದರು. ಎಂಬತ್ತೊಂದು ವರ್ಷದ, ಆ ಹಳೇ ಮಾತಿನ ಮುದುಕಿ ಎಂದರೆ ಅವರಿಗೆ ನಿಧಿ ಸಿಕ್ಕಿದ ಹಾಗೆ. ನಮಗೂ ಅನುಕೂಲವೇ ಆಯಿತು ಅಂದುಕೊಂಡೆ. ಯಾಕೆಂದರೆ ಎರಡು ವರ್ಷದ ಹಿಂದೆ ಓಕ್‌ದಾನ್ ಅಜ್ಜಿಗೆ ಲಕ್ವ ಹೊಡೆದು, ಕೈಕಾಲು ಸುಧಾರಿಸಿದರೂ, ಕಲಿತ ರಷ್ಯನ್ ಉಜ್ಬೆಕ್ ಎಲ್ಲ ಅಳಿಸಿಹೋಗಿ, ಹುಟ್ಟಿದೂರಿನ ಮಾತೊಂದೇ ಉಳಿದಿದೆ ಅಂತ ಬಸ್ಸಿನಲ್ಲಿ ಸಿಕ್ಕ ಆ ಊರಿನವರೊಬ್ಬರು ಹೇಳಿದ್ದರು. ಕೊರಿಯನ್ ಪಂಡಿತೆ ಜೊತೆಗಿರುವಾಗ ಏನು ಚಿಂತೆ?

ಓಕ್‌ದಾನ್ ಅಜ್ಜಿ ಅಂಗಳದ ಕಟ್ಟೆಯ ಮೇಲೆ, ಕಾಯಿ ತುಂಬಿದ ಪರ್ಸಿಮನ್ ಮರದ ಕೆಳಗೆ ಕೌದಿ ಹೊದ್ದು ಕೂತಿದ್ದಳು. ಒಣಗಿದ ಮೂಲಂಗಿಯಷ್ಟೇ ಇದ್ದಳು. ಪಕ್ಕದಲ್ಲಿ ತಲೆಗೆ ಹೂವಿನ ಬಟ್ಟೆ ಕಟ್ಟಿದ ಉಜ್ಬೆಕ್ ಹೆಂಗಸೊಬ್ಬಳು ಬಟ್ಟಲಲ್ಲಿ ಗಂಜಿ ಹಿಡಿದಿದ್ದಳು.

ಮೇಂಗ್ ಮೇಡಂ ನಡುಬಗ್ಗಿಸಿ ನಮಸ್ಕರಿಸಿ, ಸಿಯೋಲ್ ಮಾತಿನಲ್ಲಿ ಶುರುಮಾಡಿದರು. "ಪೂಜ್ಯ ಅಜ್ಜಿಯವರೇ, ತಮ್ಮ ಆರೋಗ್ಯ ಹೇಗಿದೆ? ತಮ್ಮ ಬಾಲ್ಯದ ನೆನಪುಗಳನ್ನು ದಯಮಾಡಿ ತಿಳಿಸುವಿರಾ?"

ಅಜ್ಜಿ ಗಂಜಿ ನುಂಗಿ ಉಜ್ಬೆಕ್ ಹೆಂಗಸಿನ ಕಡೆ ತಿರುಗಿ ಏನೋ ಅಂದಳು. ಅವಳು ಕಿಸಕ್ಕನೆ ನಕ್ಕಳು. ಮೇಡಂ ನನ್ನ ಮುಖ ನೋಡಿದರು, ನಾನು ಅತ್ತೆಯ ಮುಖ ನೋಡಿದೆ.

"ಏನಂದ್ರು?" ಅಂದೆ.

"'ಯಾವೂರಾಕಿ ಇಕಿ? ರೇಡಿಯೋದಾಗ ಮಾತಾಡಿದಂಗ ಮಾತಾಡ್ತಾಳಲ್ಲ' ಅಂದ್ರು" ಅಂತ ಆ ಉಜ್ಬೆಕ್ ಹೆಂಗಸು ಚೆನ್ನಾದ ರಷ್ಯನ್ನಿನಲ್ಲಿ ನಮಗೆ ಬಿಡಿಸಿ ಹೇಳಿದಳು. ಅವಳ ಹೆಸರು ಮಸ್ತೂರಾ. ಇದೇ ಓಣಿಯಲ್ಲಿ ಹುಟ್ಟಿ, ನಮ್ಮವರ ಮಕ್ಕಳ ಜೊತೆ ಮಣ್ಣಾಡಿ ಬೆಳೆದವಳು. ಮೇಂಗ್ ಮೇಡಂಗೆ ಅರ್ಧ, ಅತ್ತೆಗೆ ಮುಕ್ಕಾಲು, ನನಗೆ ಕಾಲು ತಿಳಿಯುವ ಮಾತನ್ನು ಈ ಮಸ್ತೂರಾ ನೀರು ಕುಡಿದ ಹಾಗೆ ಆಡುತ್ತಿದ್ದಳು. ನಾಚಿಕೆಯಿಂದ ಸಾಯುವ ಹಾಗಾಯಿತು. ನಮ್ಮ ಕೆನ್ನೆಮೂಳೆ, ನಮ್ಮ ಕಣ್ಣು, ನಮ್ಮ ಅಜ್ಜಿ. ಮಾತು ಮಾತ್ರ ಪಕ್ಕದ ಮನೆಯವಳ ಬಾಯಲ್ಲಿ.

ಅತ್ತೆ ಅಜ್ಜಿಯ ಮುಂದೆ ಮಂಡಿಯೂರಿದಳು. ತನ್ನ ತಾಯಿಯ ಹೆಸರನ್ನಷ್ಟೇ ಹೇಳಿದಳು: "ಪಿರ್‌ನ್ಯೊ. ನನ್ನ ಅಮ್ಮ. ಪಿರ್‌ನ್ಯೊ."

ಅಜ್ಜಿಯ ಕೈ ಕೌದಿಯಿಂದ ಹೊರಬಂತು. ಅತ್ತೆಯ ಗಲ್ಲ ಹಿಡಿದು ಈ ಕಡೆ ಆ ಕಡೆ ತಿರುಗಿಸಿದಳು. ಇಲ್ಲಿಂದ ಮುಂದೆ ಅಜ್ಜಿ ಆಡಿದ್ದನ್ನೆಲ್ಲ ಮಸ್ತೂರಾ ಒಂದೊಂದೇ ಮಾತು ನಮಗೆ ದಾಟಿಸಿದಳು.

"ಪಿರ್‌ನ್ಯೊನ ಮಗಳ? ಆ ರೈಲಿನ್ಯಾಗಿನ ಕೂಸಾ? ಅಯ್ಯ ನನ್ನವ್ವ, ಎಷ್ಟ ಮುದುಕಿ ಆಗಿಯಲ್ಲ!"

"ನನಗೆ ಮೇಜು ಹಾಕಿದ್ರಾ ಅಂತ ಕೇಳಿ" ಅಂದಳು ಅತ್ತೆ. ಧ್ವನಿ ಮೂಲೆಯಲ್ಲಿ ನಿಲ್ಲಿಸಿದ ಮಗುವಿನ ಹಾಗಿತ್ತು.

"ಹಾಕಲಾರದ ಏನ? ನಾನ ಹಾಕೀನಿ. ನೀ ಮೊದಲ ದಾರ ಹಿಡದಿ. ಆಮ್ಯಾಗ ಪೆನ್ಸಿಲ್ ಹಿಡದಿ. ಕತ್ತರಿ ಹಿಡೀಲಿ ಅಂತಿದ್ಲು ನಿಮ್ಮವ್ವ, ಸಿಂಪಿಗ್ಯಾಕಿ ಆಗ್ಲಿ ಅಂತ."

"ಎಷ್ಟು ಹೊತ್ತಿಗೆ?" ನಾನು ಮಧ್ಯೆ ಬಾಯಿ ಹಾಕಿದೆ, ಗಡಿಯಾರದ ಜಗಳ ತಲೆಯಲ್ಲಿತ್ತಲ್ಲ.

"ಮುಂಜಾನೆ. ಕೂಸುಗೋಳ ಎದ್ದ ಕೂಡ್ಲೆ."

ಸದ್ಯ, ಬದುಕಿದೆವು! ನಾನು ಚಪ್ಪಾಳೆ ತಟ್ಟುವುದೊಂದು ಬಾಕಿ. ಆದರೆ ಅತ್ತೆಯ ಮುಖ ಅರಳಲಿಲ್ಲ. ನನಗೂ ತಡವಾಗಿ ಹೊಳೆಯಿತು. ಮೇಜು ಆಗಿದ್ದೇ ಹೌದಾದರೆ ನನ್ನಜ್ಜಿ ಆ ಮಾತು ಹೇಳಿದ್ದು ಯಾಕೆ? ಬಂದ ಗೋಜಲು ಹೋಗಿ ಅದಕ್ಕಿಂತ ದೊಡ್ಡದು ಗಂಟುಬಿತ್ತು.

"ಕೂಸುಗಳು ಅಂದ್ರಲ್ಲ" ಅಂದಳು ಅತ್ತೆ ಮೆಲ್ಲಗೆ. "ಯಾವ ಕೂಸುಗಳು?"

ಅಜ್ಜಿ ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

"ನೀ ಒಂದು. ನನ್ನ ಮಗ ಇರ್‌ನಾಮ್ ಒಂದು. ಒಂದ ಕೌದ್ಯಾಗ ಹಾಕಿ ಮಲಗಸ್ತಿದ್ವಿ, ಬೆಚ್ಚಗಿರಲಿ ಅಂತ. ನಿನ್ನ ದಿನ ಮೊದಲ ಬಂತು, ಅವಂದು ಇನ್ನ ಆರು ದಿನ ಇತ್ತು. ನಿಮ್ಮವ್ವನ ಕಡೆ ಏನೂ ಇರಲಿಲ್ಲ. ನನ್ನ ಕಡೆ ಒಂದ ಸಣ್ಣ ಗಂಟು ಅಂಟಕ್ಕಿ ಇತ್ತು, ನನ್ನ ಮಗನ ಮ್ಯಾಜಿಗಂತ ಕಟ್ಟಿಕೊಂಡ ಬಂದಿದ್ದೆ. ತಗೋ ಅಂದೆ. ಆರು ದಿನದಾಗ ಎಲ್ಲ್ಯರೆ ಇಳಸ್ತಾರ, ಅಲ್ಲೆ ಅಂಗಡಿ ಇರತಾವ, ಅಂದೆ. ಅಂಗಡಿ ಇರತಾವಂತ!" ಅಜ್ಜಿ ತನಗೆ ತಾನೇ ನಕ್ಕಳು. "ಮೂರನೇ ದಿನಕ್ಕ ಅವಗ ದಡಾರ ಎದ್ದುವು. ಐದನೇ ದಿನಕ್ಕ ಹ್ವಾದ. ಗಂಡನ್ನ ಆ ಬ್ಯಾಸಗ್ಯಾಗ ಪೊಲೀಸ್ರು ಹಿಡಕೊಂಡ ಹೋಗಿದ್ರು, ನನ್ನ ಜೋಡಿ ಯಾರೂ ಇರಲಿಲ್ಲ. ರೈಲು ಒಂದೀಟ ನಿಂತಾಗ ನಿಮ್ಮವ್ವ ಇಳಿದು ಬಂದ್ಲು. ಇಬ್ಬರೂ ಊಟದ ತಾಟಿಲೆ ಮಣ್ಣ ಕೆದರಿದ್ವಿ."

"ಯಾವ ಊರು ಅದು?" ಅಂದಳು ಅತ್ತೆ.

"ಯಾರಿಗ್ಗೊತ್ತು. ಬೋರ್ಡ್ ಇತ್ತು. ನಮಗ ಓದಾಕ ಬರತಿರಲಿಲ್ಲ."

ಮೂವತ್ತಮೂರು ವರ್ಷ ಊರಿನ ಮಕ್ಕಳಿಗೆಲ್ಲ ರಷ್ಯನ್ ಓದಲು ಕಲಿಸಿದ ಅತ್ತೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಆರು ದಿನ ಹಿಂದುಮುಂದಾಗಿದ್ದರೆ ಆ ಕಡುಬು ಅವನದು. ನನ್ನ ಅಜ್ಜಿಗೆ ಮಗಳ ಮೇಜು ಅಂದರೆ ಇನ್ನೊಬ್ಬಳ ಮಗನ ಪಾಲು. ಮದುವೆಗೆ ಧೈರ್ಯ ಮಾಡಿದಳು, ಅಳಿಯ ಸತ್ತ. ಮೂರನೆಯದಕ್ಕೆ ಧೈರ್ಯ ಸಾಲಲಿಲ್ಲ.

ಅತ್ತೆ ಎಲ್ಲವನ್ನೂ ಹೇಳಿದಳು, ತಾಯಿ ಸಾಯುವಾಗ ಹೇಳಿದ್ದು, ತಾನು ಅಂದುಕೊಂಡಿದ್ದು, ಗಂಡನ ಸಾವು, ಎಲ್ಲ. ರಷ್ಯನ್ನಿನಲ್ಲಿ ಹೇಳಿದಳು, ಮಸ್ತೂರಾ ಅಜ್ಜಿಯ ಕಿವಿಗೆ ಬಾಯಿಟ್ಟು ಮುಟ್ಟಿಸಿದಳು. ಅಜ್ಜಿ ಕೇಳುತ್ತ ಕೇಳುತ್ತ ಸಿಟ್ಟಾದಳು. ನಿಜವಾದ ಸಿಟ್ಟು.

"ಅದಕ್ಕ ಬರಲಿಲ್ಲೇನು ಅಕಿ? ಅಕ್ಕಿ ತಿಂದ ನಾಚಿಕಿಗೆ? ನಲವತ್ತ ವರ್ಷ ಹಾದಿ ಕಾಯ್ದೆನಲ್ಲ ನಾ! ಬಸ್ ಬಂದಾಗೊಮ್ಮೆ ಇಣಕಿ ನೋಡ್ತಿದ್ದೆ. ನನ್ನ ಮಗನ್ನ ಎತ್ತಿ ಆಡಿಸಿದಾಕಿ ಅಕಿ ಒಬ್ಬಾಕಿನ. ಅವನ ಮಾರಿ ಹೆಂಗಿತ್ತು, ಹೆಂಗ ನಗತಿದ್ದ, ಯಾರ ಕೂಡ ಮಾತಾಡ್ಲಿ ನಾ? ಆಮ್ಯಾಲಿನ ಮಕ್ಕಳಿಗೆ ಹೇಳಿದ್ರ ಹೂಂ ಅಂತಾವ, ಎದ್ದ ಹೊಕ್ಕಾವ."

ಟೇಪ್ ತಿರುಗುತ್ತಲೇ ಇತ್ತು. ಮೇಂಗ್ ಮೇಡಂ ಎರಡು ಸಲ ಕನ್ನಡಕ ತೆಗೆದು ಒರೆಸಿಕೊಂಡರು.

"ನಾನು ಮೇಜಿಗೆ ಕೂರ್ಲಾ ಬೇಡ್ವಾ, ಕೇಳಿ" ಅಂದಳು ಅತ್ತೆ ಕೊನೆಗೆ.

"ಕೂಡ್ರಲಾರದ ಏನ ಮಾಡ್ತಿ? ನನ್ನ ಮಗನ ಅಕ್ಕಿ ತಿಂದ ಬದುಕಿದಾಕಿ ನೀ. ಕೂಡ್ರಲಿಲ್ಲಂದ್ರ ಆ ಅಕ್ಕಿ ದಂಡ ಆತಲ್ಲ ಹುಚ್ಚಿ!" ಅಜ್ಜಿ ಅತ್ತೆಯ ತಲೆಗೆ ಮೊಟಕಿದಳು. ಆಮೇಲೆ ಅವಳ ಕೈ ಹಿಡಿದು ಹತ್ತಿರ ಎಳೆದು, ಬೇರೆಯದೇ ಧ್ವನಿಯಲ್ಲಿ ಕೇಳಿದಳು. "ಒಂದ ಕೌದ್ಯಾಗ ಮಲಗಿದ್ರಿ. ನಿನಗರೆ ಅವನ ನೆನಪೈತೇನು?"

ಮಸ್ತೂರಾ ರಷ್ಯನ್ನಿಗೆ ದಾಟಿಸಲು ಬಾಯಿ ತೆರೆದಳು. ಅತ್ತೆ ಬೇಡವೆಂದು ಕೈಯೆತ್ತಿದಳು. ಅವಳಿಗೆ ತಿಳಿದಿತ್ತು. ನಮ್ಮ ಮಾತಿನಲ್ಲೇ, ಆ ಮೂರು ವರ್ಷದ ಮಗುವಿನ ಮಾತಿನಲ್ಲಿ, "ಐತಿ" ಅಂದಳು. "ಅವ... ದುಂಡಗ. ನನ್ನ ಕೂದಲ... ಜಗ್ಗತಿದ್ದ."

"ಜಗ್ಗತಿದ್ದ!" ಅಜ್ಜಿ ತೊಡೆ ತಟ್ಟಿದಳು. "ಎಲ್ಲಾರ ಕೂದಲಾನೂ ಜಗ್ಗತಿದ್ದ!"

ನಾನು ಬಾಯಿಬಿಟ್ಟುಕೊಂಡು ನಿಂತೆ. ಒಂದು ಸಣ್ಣ ಸುಳ್ಳಿಗೆ ನಮ್ಮನ್ನು ಇಡೀ ದಿನ ಬಾಗಿಲ ಹೊರಗೆ ನಿಲ್ಲಿಸುತ್ತಿದ್ದ ಹೆಂಗಸು! ಬಸ್ಸಿನಲ್ಲಿ ಬರುವಾಗ ಮೇಂಗ್ ಮೇಡಂ, "ಒಂದು ವರ್ಷದ ವಯಸ್ಸಿನ ನೆನಪು ಉಳಿಯುವುದು ಸಾಧ್ಯವೇ?" ಎಂದು ವಿನಯದಿಂದ ಕೇಳಿದರು. ಅತ್ತೆ ಕಿಟಕಿಯ ಆಚೆ ಹತ್ತಿ ಬಿಡಿಸುವವರನ್ನು ನೋಡುತ್ತಲೇ ಕೂತಿದ್ದಳು.

ಅತ್ತೆ ಮೇಜಿಗೆ ಕೂತಳು. ಹಂದಿ, ಹುಂಜ, ಅಂಟಕ್ಕಿ ಕಡುಬು, ಎಲ್ಲ ಕ್ರಮವಾಗಿ ನಡೆಯಿತು. ವೆನ್ಯಾ ಹೆಂಡತಿ ಮಕ್ಕಳೊಂದಿಗೆ ಅಡ್ಡಬಿದ್ದು ಮದ್ಯದ ಲೋಟ ಕೊಟ್ಟ. ಯುಗಾಯ್ ತಾತ ಕುಡಿದು ಗಡಿಯಾರದ ಜಗಳವನ್ನು ಮತ್ತೆ ತೆಗೆದ, ಹೆಂಡತಿ ಅವನ ಬಾಯಿಗೆ ಕಡುಬು ತುರುಕಿದಳು. ಓಕ್‌ದಾನ್ ಅಜ್ಜಿಗೆ ಅಷ್ಟು ದೂರ ಬರಲು ಆಗಲಿಲ್ಲ. ಮುಂದಿನ ಭಾನುವಾರ ಅತ್ತೆ ಕಡುಬಿನ ಡಬ್ಬಿ ಕಟ್ಟಿಕೊಂಡು ಬಸ್ಸು ಹತ್ತಿದಳು. ಅದರ ಮುಂದಿನ ಭಾನುವಾರವೂ ಹತ್ತಿದಳು. ಚಳಿಗಾಲ ಪೂರ್ತಿ ಹತ್ತಿದಳು.

ನಾನು ಕೆಲವು ಸಲ ಜೊತೆಗೆ ಹೋಗುತ್ತಿದ್ದೆ. ಅತ್ತೆ ಮೊದಲು ಮಸ್ತೂರಾಳ ಅಡಿಗೆಮನೆಗೆ ಹೋಗಿ, ನೋಟ್‌ಬುಕ್ ತೆಗೆದು, ತೊಟ್ಟಿಲಿಗೆ ಏನಂತಾರೆ, ಬಿಕ್ಕಳಿಕೆಗೆ ಏನಂತಾರೆ, ತೆವಳುವುದಕ್ಕೆ ಏನಂತಾರೆ ಅಂತ ಕೇಳಿ ಬರೆದುಕೊಳ್ಳುವಳು. ತನ್ನ ತಾಯಿ ನಲವತ್ತು ವರ್ಷ ಆಡಿದ್ದನ್ನು ಅತ್ತೆ ಉಜ್ಬೆಕ್ ಹೆಂಗಸಿನಿಂದ, ಅರವತ್ತು ದಾಟಿದ ಮೇಲೆ, ಪಾಠದ ಹಾಗೆ ಕಲಿತಳು. ಯಾಕೆ ಕಲಿತಳು? ಒಬ್ಬ ಮುದುಕಿಗೆ ಸುಳ್ಳು ಹೇಳುವುದಕ್ಕೆ. ಇದನ್ನು ಒಳ್ಳೆಯದೆನ್ನಲೋ ಕೆಟ್ಟದೆನ್ನಲೋ ನನಗೆ ಈಗಲೂ ಗೊತ್ತಾಗುವುದಿಲ್ಲ. ಆಮೇಲೆ ಅಜ್ಜಿಯ ಹತ್ತಿರ ಕೂತು ಹೇಳುವಳು: ಇರ್‌ನಾಮ್ ಕಿಟಕಿಯ ಬೆಳಕು ಹಿಡಿಯಲು ಹೋಗುತ್ತಿದ್ದ, ಇರ್‌ನಾಮ್‌ಗೆ ಬಿಕ್ಕಳಿಕೆ ಬಂದರೆ ಇಡೀ ಡಬ್ಬಿ ನಗುತ್ತಿತ್ತು, ನನ್ನ ಪಾಲಿನ ಗಂಜಿಗೂ ಅವನೇ ಬಾಯಿ ಹಾಕುತ್ತಿದ್ದ. ಅಜ್ಜಿ ಕಣ್ಣುಮುಚ್ಚಿ ಕೇಳುವಳು, ಒಮ್ಮೊಮ್ಮೆ ಶಬ್ದ ತಿದ್ದುವಳು.

ಮಾರ್ಚಿನ ಒಂದು ಭಾನುವಾರ ಅಜ್ಜಿ ಏಳಲಾರದೆ ಹಾಸಿಗೆಯಲ್ಲೇ ಇದ್ದಳು. ಅತ್ತೆ ಕೈ ಹಿಡಿದುಕೊಂಡು, ರೈಲು ಒಂದು ನದಿ ದಾಟುವಾಗ ಇರ್‌ನಾಮ್ ಹೇಗೆ ಬೆಚ್ಚಿಬಿದ್ದ ಅಂತ ಹೇಳುತ್ತಿದ್ದಳು. ಅಷ್ಟು ಹೊತ್ತಿಗೆ ಅವಳ ಮಾತು ಎಲ್ಲೂ ತಡವರಿಸುತ್ತಿರಲಿಲ್ಲ. ಅಜ್ಜಿ ಕಣ್ಣು ತೆರೆದಳು.

"ನೀ ಆವಾಗ ಕೂಸು" ಅಂದಳು. ಇಷ್ಟು ತಿಂಗಳು ಕೇಳಿ ಕೇಳಿ ನನಗೂ ಪೂರ್ತಿ ತಿಳಿಯಿತು. "ನಿನಗೇನ್ ನೆನಪ ಇರತೈತಿ. ನನಗ ಗೊತ್ತೈತಿ ಮಗಳ, ಮೊದಲನೇ ದಿನಾನ ಗೊತ್ತಿತ್ತು."

ಅತ್ತೆ ಏಳಲು ಹೋದಳು. ಅಜ್ಜಿ ಕೈ ಬಿಡಲಿಲ್ಲ.

"ನದಿ ತನಕ ಬಂದಿದ್ದಿ. ಅಂಜಿದ್ನೇನು ಅವ? ಹೇಳು, ಮುಂದ ಹೇಳು."

ಅತ್ತೆ ತನ್ನ ಉಣ್ಣೆಯ ಕೋಟಿನ ತೋಳಿನಲ್ಲಿ ಮುಖ ಒರೆಸಿಕೊಂಡು ಮುಂದೆ ಹೇಳಿದಳು.